ಅಟ್ಟದ ಹಲಗೆ, ಕಾಲಿನ ಗೆಜ್ಜೆ



ನನ್ನ ಹತ್ತಿರ ಒಂದು ಹಳೆಯ ಹ್ಯಾಂಡ್‌ಬಿಲ್ ಇದೆ. ಗುಲಾಬಿ ಬಣ್ಣದ ತೆಳು ಕಾಗದ, ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ. 1986ರ ಯುಗಾದಿ ಮುಗಿದ ಮರುವಾರ ಭೀಮಾ ನದಿಯ ದಂಡೆಯ ನಮ್ಮ ಊರಿನಲ್ಲಿ ಆಡಿದ ಒಂದು ಸಾಮಾಜಿಕ ನಾಟಕದ್ದು. ನೆತ್ತಿಯಲ್ಲಿ ಘತ್ತರಗಿ ಭಾಗ್ಯವಂತಿ ದೇವಿಯ ಹೆಸರಿದೆ. ಕೆಳಗೆ ಗೌಡರು, ಪಂಚರು, ದೇಣಿಗೆ ಕೊಟ್ಟವರು, ಪರದೆ ತಂದವರು, ಮೈಕಿನವರು, ಪೇಟಿ ಮಾಸ್ತರು, ತಬಲಾ ಮಾಸ್ತರು, ಹದಿನಾಲ್ಕು ಮಂದಿ ಗಂಡುಪಾತ್ರಧಾರಿಗಳು ಇದ್ದಾರೆ. ಅಟ್ಟಕ್ಕೆ ಹಲಗೆ ಹೇರಲು ಬಂಡಿ ಕೊಟ್ಟವರ ಹೆಸರು ಕೂಡ ಇದೆ. ಎಲ್ಲದರ ತಳದಲ್ಲಿ ಒಂದು ಸಾಲು, ದಪ್ಪ ಅಕ್ಷರದಲ್ಲಿ: ಇಬ್ಬರು ಖ್ಯಾತ ನಟಿಯರು ಹಾಡಿ ಕುಣಿಯುವರು. ಅವರ ಹೆಸರಿಲ್ಲ. ಊರಿನ ಮಂದಿ ಬಂಡಿ ಕಟ್ಟಿಕೊಂಡು ಬಂದದ್ದು ಅವರನ್ನು ನೋಡಲಿಕ್ಕೆ. ಆ ಹ್ಯಾಂಡ್‌ಬಿಲ್ ಬರೆದವನು ನಾನೇ.

ರಂಗಭೂಮಿಯ ಬಗ್ಗೆ ಏನಾದರೂ ಮಾತಾಡಿ ಎಂದು ಸಂಘಟಕರು ಕೇಳಿದಾಗ ನನಗೆ ನೆನಪಾದದ್ದು ಆ ಸಾಲು. ಜೊತೆಗೆ ಇನ್ನೊಂದು ಪ್ರಶ್ನೆ. ಹೋದ ವರ್ಷ ಆಳಂದ ತಾಲ್ಲೂಕಿನ ಒಂದು ತಾಂಡಾದ ಹುಡುಗಿ, ಬಿ.ಎ. ಎರಡನೇ ವರ್ಷದಲ್ಲಿ ಓದುವವಳು, ಒಂದು ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದಳು: "ಸರ್, ನಾಟಕದಾಗ ಕುಣಿದು ಬದುಕಬಹುದೇನ್ರಿ?" ನಾನು ಕೂಡಲೇ ಉತ್ತರ ಕೊಡಲಿಲ್ಲ. ಮೂವತ್ತೆಂಟು ವರ್ಷ ಹಳ್ಳಿ ನಾಟಕ ಬರೆದು, ಕಲಿಸಿ, ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತವನಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು. ಇವತ್ತು ಆಕೆಗೆ ಹೇಳಬೇಕಾದದ್ದನ್ನು ನಿಮ್ಮೆದುರು ಹೇಳುತ್ತೇನೆ.

ಮೊದಲು ಈ ನೆಲದ ಮಾತು. ನಮ್ಮಲ್ಲಿ ಮಗುವಿನ ಕಾಲಿಗೆ ತಾಳ ಬರುವುದು ಯಾವ ಶಾಲೆಯಿಂದಲೂ ಅಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಮೇಳ ಕಟ್ಟುತ್ತಾರೆ. ಹಿಂದೂ, ಮುಸ್ಲಿಂ ಅನ್ನದೆ ಓಣಿಯ ಹುಡುಗರೆಲ್ಲ ರಿವಾಯತ್ ಹಾಡಿಗೆ ಸಾಲುಗಟ್ಟಿ, ಒಂದು ಹೆಜ್ಜೆ ಮುಂದೆ, ಎರಡು ಹಿಂದೆ, ಒಂದು ಸುತ್ತು ಹಾಕುತ್ತಾರೆ. ತಾಂಡಾಗಳಲ್ಲಿ ಹೋಳಿ ಬಂದರೆ, ತೀಜ್ ಬಂದರೆ ಹೆಣ್ಣುಮಕ್ಕಳು ಬಳಸಿ ನಿಂತು ಬಾಗಿ ಕುಣಿಯುತ್ತಾರೆ. ಜಾತ್ರೆಯಲ್ಲಿ ಪುರವಂತರು, ಡೊಳ್ಳಿನವರು, ಲೇಜಿಮಿನವರು. ಹತ್ತು ವರ್ಷ ತುಂಬುವಷ್ಟರಲ್ಲಿ ನಮ್ಮ ಹುಡುಗನಿಗೆ ನಾಲ್ಕಾರು ನಡೆ ಗೊತ್ತಿರುತ್ತವೆ. ಅದನ್ನು ಅವನು ಕಲಿತದ್ದು ಎಂದು ಯಾರೂ ಅನ್ನುವುದಿಲ್ಲ, ಹೀಗಾಗಿ ಅದಕ್ಕೆ ಬೆಲೆಯೂ ಇಲ್ಲ.

ಇನ್ನು ದೊಡ್ಡಾಟ. ಅದು ಪೂರ್ತಿ ಹಾಡು, ಕುಣಿತ, ಮಾತು ಹೆಣೆದುಕೊಂಡ ನಾಟಕ. ಗಣಸ್ತುತಿ ಆಗಬೇಕು, ಸಾರಥಿ ಬಂದು ಪಾತ್ರವನ್ನು ಮಾತಾಡಿಸಬೇಕು, ಹಿಮ್ಮೇಳದವರು ಪದ ಎತ್ತಬೇಕು, ಪದದ ಕೊನೆಗೆ ಪಾತ್ರಧಾರಿ ಅಟ್ಟದ ಹಲಗೆ ನಡುಗುವಂತೆ ಹೆಜ್ಜೆ ಹಾಕಿ ಸುತ್ತಬೇಕು, ಆಮೇಲೆ ಮಾತು. ಎದೆಕಟ್ಟು, ಭುಜಕೀರ್ತಿ, ಕಿರೀಟ ಹೊತ್ತು ರಾತ್ರಿಯಿಡೀ ಹಾಗೆ ಕುಣಿಯುವುದು ಹುಡುಗಾಟವಲ್ಲ. ಸಣ್ಣಾಟದಲ್ಲಿ ಹೆಜ್ಜೆ ಹಗುರ, ಮಾತು ಚೂಪು. ದಾಸರಾಟದ ಚಿಮಣಾ ಎಂಬ ಪಾತ್ರವನ್ನು ನೋಡಿದ್ದೀರಿ. ಆಕೆ ಕುಣಿಯುತ್ತಲೇ ಹಾಡಬೇಕು, ಹಾಡುತ್ತಲೇ ದಾಸನಿಗೆ ಸವಾಲು ಹಾಕಬೇಕು, ಸವಾಲು ಹಾಕುತ್ತಲೇ ಮುಂದೆ ಕೂತ ಮಂದಿಯನ್ನು ಕಣ್ಣಲ್ಲೇ ಹಿಡಿದಿಡಬೇಕು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎಂದು ನಾನು ಎಷ್ಟೋ ಸಲ ಕಾದು ನೋಡಿದ್ದೇನೆ. ತಿರುಗುವಾಗ, ಮಂದಿಗೆ ಬೆನ್ನು ಕಾಣುವ ಅರೆಗಳಿಗೆಯಲ್ಲಿ ತೆಗೆದುಕೊಳ್ಳುತ್ತಾಳೆ. ಆ ತಿರುಗಣಿ ಅಲಂಕಾರಕ್ಕೆ ಬಂದದ್ದಲ್ಲ, ಉಸಿರಿಗಾಗಿ ಬಂದದ್ದು.

ಈಗ 1986ರ ಆ ಸಂಜೆಗೆ ಬರುತ್ತೇನೆ.

ಊರ ಗಂಡಸರು ಎರಡು ತಿಂಗಳು ತಾಲೀಮು ಮಾಡಿದ್ದೆವು. ತೊಗರಿ ರಾಶಿ ಆಗಿತ್ತು, ಜೋಳ ಕಣ ಸೇರಿತ್ತು. ನಟಿಯರಿಗೆ ವೀಳ್ಯ ಕೊಟ್ಟು, ಮುಂಗಡವನ್ನು ಮನಿಯಾರ್ಡರ್ ಮಾಡಿದ್ದೆವು. ಅವರು ಗದಗ ಕಡೆಯಿಂದ ಬಸ್ಸು ಬದಲಿಸಿ ಬದಲಿಸಿ ಸಂಜೆ ಆರಕ್ಕೆ ಬಂದಿಳಿದರು. ಇಬ್ಬರು ಹೆಣ್ಣುಮಕ್ಕಳು, ಒಬ್ಬಾಕೆಯ ಕಂಕುಳಲ್ಲಿ ಮಗು, ಜೊತೆಗೆ ಒಂದು ತಗಡಿನ ಟ್ರಂಕು. ಶಾಲೆಯ ಒಂದು ಕೋಣೆ ಬಿಟ್ಟುಕೊಟ್ಟಿದ್ದೆವು. ಹಿರಿಯಾಕೆ ಚಹಾ ಕುಡಿದವರೇ ಕೇಳಿದ ಮೊದಲ ಮಾತು ಅಟ್ಟ ಎಲ್ಲಿದೆ ಎಂದು. ಬಣ್ಣ ಹಚ್ಚುವ ಮುಂಚೆ, ಮುಖ ತೊಳೆಯುವ ಮುಂಚೆ ಅಟ್ಟ ಹತ್ತಿದರು. ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಒಂದೊಂದೇ ಹಲಗೆಯನ್ನು ಹಿಮ್ಮಡಿಯಿಂದ ಒತ್ತುತ್ತ ಹೋದರು. ಎಡಗಡೆ ಮೂಲೆಯ ಹತ್ತಿರ ನಿಂತು, "ಇಲ್ಲಿ ಮೊಳಿ ಎದ್ದಾವು, ಬಡಸ್ರಿ. ಈ ಹಲಗಿ ಕೆಳಗ ಡ್ರಮ್ಮು ಸರದದ, ಹುಷಾರ" ಅಂದರು. ನಾನು ಸುತ್ತಿಗೆ ತಂದು ಬಡಿದೆ. ಮೂರು ಮೊಳೆ.

ಆಮೇಲೆ ಪೇಟಿ ಮಾಸ್ತರರ ಹತ್ತಿರ ಕೂತರು. ನಮ್ಮ ಹೀರೋ ಕರಿ ಒಂದರಲ್ಲಿ ಹಾಡುವವನು, ಆಕೆಯ ಸ್ವರ ಕರಿ ಐದು. ಇಬ್ಬರೂ ಸೇರಿ ಹಾಡುವ ಪದ ಇತ್ತು. ಯಾವ ಸಾಲನ್ನು ಯಾರು ಎತ್ತಬೇಕು, ಎಲ್ಲಿ ಆತ ಸುಮ್ಮನಾಗಬೇಕು, ಎಲ್ಲಿ ಆಕೆ ಇಳಿದು ಬರಬೇಕು ಎಂಬುದನ್ನು ಕಾಲು ಗಂಟೆಯಲ್ಲಿ ಹಂಚಿದರು. ತಬಲಾದವನಿಗೆ ಕೇರವಾದ ನಡೆಯನ್ನು ತೊಡೆ ತಟ್ಟಿ ತೋರಿಸಿ, ಕೊನೆಗೆ ತಿಹಾಯಿ ಒಮ್ಮೆ ಮಾತ್ರ, ಎರಡನೇ ಸಲ ಬೇಡ, ಅಲ್ಲಿ ನಾನು ಮಾತು ಎತ್ತುತ್ತೇನೆ ಎಂದರು. ನಮ್ಮ ಗಂಡಸರು ಅರವತ್ತು ದಿನದಲ್ಲಿ ಕಲಿತಿದ್ದ ನಾಟಕವನ್ನು ಆಕೆ ಪುಸ್ತಕದಲ್ಲಿ ಓದಿಕೊಂಡು ಬಂದು, ಎರಡು ಗಂಟೆಯ ಮಾತುಕತೆಯಲ್ಲಿ ನಮ್ಮೆಲ್ಲರ ತಪ್ಪುಗಳ ಸಮೇತ ತನ್ನ ಮೈಗೆ ಇಳಿಸಿಕೊಂಡರು. ರಾತ್ರಿ ಹೀರೋ ಮಾತು ಮರೆತ ಮೂರು ಕಡೆ ಆಕೆಯೇ ಅವನ ಮಾತನ್ನು ಪ್ರಶ್ನೆಯ ರೂಪದಲ್ಲಿ ಕೇಳಿ ದಾಟಿಸಿದ್ದು ನನಗೆ ಮಾತ್ರ ಗೊತ್ತು, ಪುಸ್ತಕ ನನ್ನ ಕೈಯಲ್ಲಿತ್ತು.

ಆ ಸುಗ್ಗಿಯಲ್ಲಿ ಆಕೆಗೆ ಇಂಥ ಇನ್ನೆಷ್ಟು ನಾಟಕ ಬಾಯಿಗೆ ಬರುತ್ತಿದ್ದವೋ. ಇವತ್ತು ಜೇವರ್ಗಿ ಕಡೆ, ನಾಳೆ ಆಳಂದದ ಗಡಿ ಹಳ್ಳಿ, ನಾಡಿದ್ದು ಅಕ್ಕಲಕೋಟೆಯ ಆಚೆ ಕನ್ನಡದ ಊರು. ಪ್ರತಿ ಊರಿನ ಪೇಟಿಯೂ ಬೇರೆ, ಅಟ್ಟವೂ ಬೇರೆ, ಹೀರೋನೂ ಬೇರೆ. ಇದನ್ನು ನಾವು ಕಸುಬು ಎಂದು ಎಣಿಸಲಿಲ್ಲ. ಬಡಗಿಗೆ ಕಸುಬುದಾರ ಅನ್ನುತ್ತೇವೆ, ಕಮ್ಮಾರನಿಗೆ ಅನ್ನುತ್ತೇವೆ. ಹೆಜ್ಜೆಯಲ್ಲಿ ಹಲಗೆಯ ಸೊಟ್ಟ ಕಂಡುಹಿಡಿಯುವವಳಿಗೆ ಅನ್ನಲಿಲ್ಲ.

ಅದು ಯಾಕೆ ಹಾಗಾಯಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಈ ಭಾಗ 1948ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ಪಶ್ಚಿಮಕ್ಕೆ ಮರಾಠಿ ಸಂಗೀತ ನಾಟಕದ ಸೀಮೆ. ಆ ಸಂಗೀತ ನಾಟಕಕ್ಕೆ 1880ರಲ್ಲಿ ಶಾಕುಂತಲದ ಮೂಲಕ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಆ ಕಾಲಕ್ಕೆ ಹೆಣ್ಣುಪಾತ್ರ ಗಂಡಸರದ್ದು. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ಹುಡುಗನಾಗಿ ಅಟ್ಟ ಹತ್ತಿದ್ದು ಹೆಣ್ಣುಪಾತ್ರಗಳಲ್ಲಿ. ಮುಂದೆ ಅವರೇ ಕಲಾವೈಭವ ನಾಟ್ಯ ಸಂಘ ಕಟ್ಟಿ, ಜಗಜ್ಯೋತಿ ಬಸವೇಶ್ವರ ನಾಟಕದಲ್ಲಿ ಬಸವಣ್ಣನಾಗಿ ನಿಂತರು. ಗಂಡಸು ಹೆಣ್ಣಾಗಿ ಕುಣಿದಾಗ ಊರು ಅವನನ್ನು ಮಾಸ್ತರ ಎಂದು ಕರೆಯಿತು. ಹೆಣ್ಣು ಹೆಣ್ಣಾಗಿಯೇ ಬಂದು ಕುಣಿದಾಗ ಅವಳ ಮನೆತನ ಕೇಳಿತು.

ಬಂದವರು ಬಹುಪಾಲು ದೇವದಾಸಿ ಮನೆತನಗಳಿಂದ, ಹಾಡಿಕೆಯ ಮನೆತನಗಳಿಂದ ಬಂದರು. ಸಂಗೀತವೂ ಕುಣಿತವೂ ಉಳಿದಿದ್ದದ್ದು ಆ ಮನೆಗಳಲ್ಲೇ. ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತವನ್ನು ತಮ್ಮದೇ ಮೇಳದೊಂದಿಗೆ ಊರೂರಿಗೆ ಒಯ್ದು ಅದಕ್ಕೆ ಹೊಸ ಜೀವ ತಂದರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ನಮ್ಮ ಸೀಮೆಯ ಗಾಯನದ ನೆಲದಿಂದ ಎದ್ದು ಮುಂಬೈಗೆ ಹೋಗಿ, 1943ರ ಕಿಸ್ಮತ್ ಚಿತ್ರದ ಹಾಡುಗಳಿಂದ ದೇಶವೇ ಕೇಳುವ ಕಂಠವಾದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ರಂಗಗೀತೆಯನ್ನು 2020ರಲ್ಲಿ ತೀರಿಕೊಳ್ಳುವ ತನಕ ಕೈಬಿಡಲಿಲ್ಲ. ಇವರೆಲ್ಲರ ಹೆಸರು ಉಳಿದದ್ದು ಕಂಠದಿಂದ. ಕಂಠಕ್ಕೆ ರೆಕಾರ್ಡು ಇತ್ತು, ರೇಡಿಯೋ ಇತ್ತು. ಕಾಲಿಗೆ ಏನಿತ್ತು? ಅಟ್ಟ ಬಿಚ್ಚಿ ಹಲಗೆ ಬಂಡಿಗೆ ಹೇರಿದ ಮೇಲೆ ಅದರ ಗುರುತೇ ಇಲ್ಲ.

1982ರಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂತು. ಬರಲೇಬೇಕಾಗಿದ್ದ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆಗಳಲ್ಲಿದ್ದ ವಿದ್ಯೆಯನ್ನು ಮರ್ಯಾದೆಯಿಂದ ಬೇರೆ ಕಡೆ ಇಳಿಸಿಕೊಳ್ಳುವ ಏರ್ಪಾಡನ್ನು ಸಮಾಜ ಮಾಡಿಕೊಳ್ಳಲಿಲ್ಲ. ಅನಿಷ್ಟ ಹೋಗಬೇಕಿತ್ತು, ಹೆಜ್ಜೆ ಉಳಿಯಬೇಕಿತ್ತು. ಎಷ್ಟೋ ಕಡೆ ಹೆಜ್ಜೆ ಹೋಯಿತು, ಕಳಂಕ ಉಳಿಯಿತು.

ಯಂತ್ರಗಳದ್ದೂ ಇದರಲ್ಲಿ ಪಾಲಿದೆ, ಇದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಕಂಪನಿ ನಾಟಕಕ್ಕೆ ತೂಗು ಮೈಕು ಬಂದಾಗ ಕುಣಿಯುವವರ ದಾರಿ ಬದಲಾಯಿತು. ರಂಗದ ಮುಂಭಾಗದಲ್ಲಿ ಮೂರು ಮೈಕು ಇಳಿಬಿಟ್ಟರೆ, ಹಾಡುತ್ತ ಕುಣಿಯುವವಳು ಆ ಮೂರರ ಕೆಳಗೇ ಸುಳಿದಾಡಬೇಕು. ಹಿಂದಕ್ಕೆ ಹೋದರೆ ದನಿ ಹೋಗುತ್ತದೆ. ಇಡೀ ಅಟ್ಟ ಆಳುತ್ತಿದ್ದ ಹೆಜ್ಜೆ ಒಂದು ಗೆರೆಯ ಮೇಲೆ ಬಂದು ನಿಂತಿತು. ಆಮೇಲೆ ಕ್ಯಾಸೆಟ್ಟು, ಈಗ ಪೆನ್‌ಡ್ರೈವಿನ ಟ್ರ್ಯಾಕು. ಈಗ ಬೇಕಾದಷ್ಟು ಹಿಂದೆ ಮುಂದೆ ಓಡಾಡಬಹುದು, ಹಾಡುವ ಅಗತ್ಯವಿಲ್ಲ. ಹಾಡು ಹೋದೊಡನೆ ಕುಣಿತದ ಅರ್ಥವೂ ಸಡಿಲವಾಯಿತು. ನಾಟಕದೊಳಗಿನ ಪದಕ್ಕೆ ಕುಣಿಯುವವಳು ಕಥೆಯ ಒಳಗಿರುತ್ತಾಳೆ. ಸಿನಿಮಾ ಟ್ರ್ಯಾಕಿಗೆ ಕುಣಿಯುವವಳನ್ನು ಕಥೆ ಪಕ್ಕಕ್ಕೆ ಸರಿದು ನಿಂತು ನೋಡುತ್ತದೆ. ರೆಕಾರ್ಡ್ ಡಾನ್ಸ್ ಎಂದು ನಾವು ಮೂಗು ಮುರಿಯುವುದನ್ನು ಬೇಡಿದವರೂ ನಾವೇ. ಸಿಳ್ಳೆ ಹೊಡೆದು ಇನ್ನೊಮ್ಮೆ ಅಂದವರು ನಮ್ಮ ಊರಿನವರೇ ಅಲ್ಲವೆ?

ಆ ರಾತ್ರಿಯ ಉಳಿದ ಕಥೆಯನ್ನೂ ಹೇಳಬೇಕು. ನಡುರಾತ್ರಿ ಕರೆಂಟು ಹೋಯಿತು. ಗ್ಯಾಸ್‌ಲೈಟಿನಲ್ಲಿ ನಾಟಕ ಮುಂದುವರಿಸಿದೆವು, ಒಂದು ಹಾಡು ಬಿಟ್ಟೆವು. ಬೆಳಗಿನ ಜಾವ ಮಂಗಳ ಆಯಿತು. ಲೆಕ್ಕ ಮಾಡುವಾಗ ಕಮಿಟಿಯವರು, ಒಂದು ಹಾಡು ಕಡಿಮೆ ಆಗಿದೆ, ನೂರು ರೂಪಾಯಿ ಹಿಡಿಯಿರಿ ಎಂದರು. ಮಾತಾಡಿದ್ದು ಒಬ್ಬರಿಗೆ ನಾನೂರು. ರೊಕ್ಕದ ಚೀಲ ನನ್ನ ಹತ್ತಿರ ಇತ್ತು. ಹಿರಿಯಾಕೆ ಒಂದೇ ಮಾತು ಕೇಳಿದರು: "ಕರೆಂಟ್ ನಂದೇನ್ರಿ?" ಯಾರೂ ಉತ್ತರ ಕೊಡಲಿಲ್ಲ. ನಾನು ಮುನ್ನೂರು ಎಣಿಸಿ ಕೊಟ್ಟೆ. ನಾಟಕದ ಉದ್ದಕ್ಕೂ ಬಡವರ ಬೆವರಿನ ಬೆಲೆಯ ಮಾತು ಬರೆದಿದ್ದ ಕೈ ಅದು. ಮಗುವನ್ನು ಎತ್ತಿಕೊಂಡು ಅವರು ಆರು ಗಂಟೆಯ ಬಸ್ಸಿಗೆ ನಡೆದರು. ಟ್ರಂಕನ್ನು ಹೊತ್ತು ಕಳಿಸುವಷ್ಟು ಬುದ್ಧಿ ಕೂಡ ನನಗೆ ಇರಲಿಲ್ಲ.

ಇದು ನಮ್ಮ ಸೀಮೆಯ ಕಥೆ ಮಾತ್ರ ಎಂದುಕೊಳ್ಳಬೇಡಿ. ಹಾಡು ಕುಣಿತದ ನಾಟಕಕ್ಕೆ ಜಗತ್ತಿನಲ್ಲೇ ದೊಡ್ಡ ಪೇಟೆ ನ್ಯೂಯಾರ್ಕಿನ ಬ್ರಾಡ್‌ವೇ. ಅಲ್ಲಿ 1974ರ ಜನವರಿಯಲ್ಲಿ ಒಂದಷ್ಟು ನೃತ್ಯಗಾರರು ರಾತ್ರಿಯಿಡೀ ಕೂತು ತಮ್ಮ ಬದುಕಿನ ಕಥೆಗಳನ್ನು ಟೇಪಿನ ಮುಂದೆ ಹೇಳಿಕೊಂಡರು. ಹಿಂದಿನ ಸಾಲಿನಲ್ಲಿ ಕುಣಿಯುವವರು, ಪೋಸ್ಟರಿನಲ್ಲಿ ಹೆಸರಿಲ್ಲದವರು. ಆ ಮಾತುಗಳಿಂದ ಮೈಕೆಲ್ ಬೆನೆಟ್ ಎಂಬ ನೃತ್ಯ ನಿರ್ದೇಶಕ ಕಟ್ಟಿದ ನಾಟಕ ಎ ಕೋರಸ್ ಲೈನ್. 1975ರಲ್ಲಿ ಬ್ರಾಡ್‌ವೇಗೆ ಬಂದು 1990ರ ತನಕ 6,137 ಪ್ರಯೋಗ ಕಂಡಿತು. ತಮ್ಮ ಕಥೆಗಳ ಹಕ್ಕನ್ನು ಆ ನೃತ್ಯಗಾರರು ಬರೆದುಕೊಟ್ಟದ್ದು ಒಂದೊಂದು ಡಾಲರಿಗೆ. ಆಮೇಲೆ ಲಾಭದಲ್ಲಿ ಒಂದು ಪಾಲು ಸಿಗುವಂತಾಯಿತು, ಅದು ನಿಜ. ಅಲ್ಲಿ ಸಂಘವಿದೆ, ಕರಾರು ಪತ್ರವಿದೆ, ಕೇಳುವ ದಾರಿ ಇದೆ. ಗಡಿಯ ಆಚೆ ಮಹಾರಾಷ್ಟ್ರದಲ್ಲಿ ತಮಾಷಾದ ವಿಠಾಬಾಯಿ ನಾರಾಯಣಗಾಂವ್ಕರ್ ಇದ್ದರು. ತುಂಬು ಬಸುರಿಯಾಗಿ ಕುಣಿಯುತ್ತಿದ್ದಾಗ ನೋವು ಬಂದು, ಪರದೆಯ ಹಿಂದೆ ಹೆತ್ತು, ಮತ್ತೆ ರಂಗಕ್ಕೆ ಬಂದರು ಎಂದು ಆ ಸೀಮೆ ಇಂದಿಗೂ ಹೆಮ್ಮೆಯಿಂದ ಹೇಳುತ್ತದೆ. ಎರಡು ಸಲ ರಾಷ್ಟ್ರಪತಿಗಳಿಂದ ಗೌರವ ಪಡೆದ ಆಕೆಯ ಕೊನೆಗಾಲ ಬಡತನದಲ್ಲಿ ಕಳೆಯಿತು. ಈಗ ಅವರ ಹೆಸರಿನಲ್ಲಿ ಆ ಸರ್ಕಾರದ ಪ್ರಶಸ್ತಿ ಇದೆ. ಹೆರಿಗೆಯ ರಾತ್ರಿ ರಂಗಕ್ಕೆ ಮರಳಬೇಕಾದ ಗತಿಯನ್ನು ಹೆಮ್ಮೆ ಎಂದು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ.

ಹಾಗಾದರೆ ತಾಂಡಾದ ಆ ಹುಡುಗಿಗೆ ಏನು ಹೇಳಲಿ?

ಬದುಕಬಹುದು, ತಂಗಿ. ಆದರೆ ವರ್ಷದ ಲೆಕ್ಕ ಮೊದಲು ಕಲಿತುಕೋ. ಹಳ್ಳಿ ನಾಟಕ ಇರುವುದು ಸುಗ್ಗಿಯ ನಂತರ, ಸಂಕ್ರಾಂತಿಯಿಂದ ಬಸವ ಜಯಂತಿಯ ಆಜೂಬಾಜಿನ ತನಕ. ಮಳೆ ಬಿದ್ದರೆ ಅಟ್ಟ ಇಲ್ಲ. ಕಂಪನಿಗೆ ಸೇರಿದರೆ ಕ್ಯಾಂಪಿನಿಂದ ಕ್ಯಾಂಪಿಗೆ, ಜಾತ್ರೆಯಿಂದ ಜಾತ್ರೆಗೆ. ಪುಷ್ಯ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ಸಾಲು ಸಾಲು ಥೇಟರುಗಳು, ಹೋಳಿ ಆದ ಐದನೇ ದಿನಕ್ಕೆ ಕಲಬುರಗಿಯ ಶರಣಬಸವೇಶ್ವರರ ರಥ. ಜಾತ್ರೆಯ ದಿನಗಳಲ್ಲಿ ಒಂದರ ಹಿಂದೆ ಒಂದು ಆಟ, ನಿದ್ದೆ ಇಲ್ಲ. ನಮ್ಮ ಜೇವರ್ಗಿಯ ಹೆಸರನ್ನು ಥೇಟರಿನ ಬೋರ್ಡಿನ ಮೇಲೆ ನಾಡಿನ ತುಂಬ ಒಯ್ದ ರಾಜಣ್ಣ ಜೇವರ್ಗಿಯವರ ಕುಂಟಕೋಣ ಮೂಕಜಾಣ ನಾಟಕವನ್ನು ಮಂದಿ ಮುಗಿಬಿದ್ದು ನೋಡಿದ್ದು ನಿನಗೂ ಗೊತ್ತು. ಅಂಥ ಕಂಪನಿಯಲ್ಲಿ ಹಾಸ್ಯದ ಜೋಡಿಗೆ ಕುಣಿಯುವವಳು ನಗುವಿನ ಸಮಯವನ್ನು ಹೆಜ್ಜೆಯಲ್ಲಿ ಹಿಡಿಯಬೇಕು. ಮಂದಿ ನಗುತ್ತಿರುವಾಗ ಅವಳ ಕಾಲು ತಡೆದು ನಿಲ್ಲಬೇಕು, ನಗು ಇಳಿಯುವ ಹೊತ್ತಿಗೆ ಎತ್ತಬೇಕು. ಇದನ್ನು ಕಲಿಸುವ ಶಾಲೆ ಇನ್ನೂ ಹುಟ್ಟಿಲ್ಲ, ಅಲ್ಲೇ ನಿಂತು ಕಲಿಯಬೇಕು.

ಕಲಿಕೆಯ ಬೇರೆ ದಾರಿಗಳೂ ಇವೆ, ನನ್ನ ಕಾಲಕ್ಕೆ ಅಷ್ಟು ಇರಲಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ, ಸಾಣೇಹಳ್ಳಿಯಲ್ಲಿ ಶಿವಕುಮಾರ ಕಲಾಸಂಘವಿದೆ, ಮೈಸೂರು ರಂಗಾಯಣದಲ್ಲಿ ತರಬೇತಿ ಇದೆ. ನಮ್ಮ ಕಲಬುರಗಿಯಲ್ಲೇ ರಂಗಾಯಣವಿದೆ. ಭರತನಾಟ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಕಟ್ಟಬಹುದು. ಅದು ಮೈಯನ್ನು ನೇರ ಮಾಡುತ್ತದೆ, ಕೈಗೆ ಒಂದು ಪ್ರಮಾಣಪತ್ರವನ್ನೂ ಕೊಡುತ್ತದೆ. ಆದರೆ ತಾಂಡಾದಲ್ಲಿ ನಿನ್ನ ಅವ್ವ ಕಲಿಸಿದ ಬಾಗು ಇದೆಯಲ್ಲ, ಅದನ್ನು ತಪ್ಪು ಎಂದು ತಿದ್ದುವ ಮಾಸ್ತರ ಸಿಕ್ಕರೆ ಬೇರೆ ಮಾಸ್ತರನನ್ನು ಹುಡುಕು. ಹಾಡನ್ನು ಮಾತ್ರ ಬಿಡಬೇಡ. ಬರೀ ಕುಣಿಯುವವಳ ಜಾಗಕ್ಕೆ ನಾಳೆ ಇನ್ನೊಬ್ಬಳು ಬರುತ್ತಾಳೆ. ಕುಣಿಯುತ್ತ ಹಾಡಿ, ಹಾಡುತ್ತ ಮಾತಾಡುವವಳನ್ನು ಹುಡುಕಿಕೊಂಡು ಬರುತ್ತಾರೆ.

ಕಾಲಿನ ಬಗ್ಗೆ ಒಂದು ಮಾತು, ಇದು ಊರ ಹಿರಿಯರಿಗೆ. ಹಳೆಯ ಅಟ್ಟ ಡ್ರಮ್ಮು, ಬಂಡಿಯ ನೊಗ, ಹಲಗೆಗಳಿಂದ ಕಟ್ಟಿದ್ದು. ಕಾಲು ಇಟ್ಟರೆ ಒಂದಿಷ್ಟು ತಗ್ಗುತ್ತದೆ, ಎತ್ತಿದರೆ ಎಬ್ಬಿಸುತ್ತದೆ. ಈಗ ಊರೂರಿಗೆ ಸಿಮೆಂಟಿನ ಬಯಲು ರಂಗಮಂದಿರಗಳಾಗಿವೆ. ಬಣ್ಣ ಬಳಿದಿದ್ದಾರೆ, ಕೊಟ್ಟವರ ಹೆಸರಿನ ಕಲ್ಲು ನೆಟ್ಟಿದ್ದಾರೆ. ಅದರ ಮೇಲೆ ಒಂದು ರಾತ್ರಿ ದೊಡ್ಡಾಟ ಕುಣಿದವನ ಮೊಣಕಾಲು ವಾರಗಟ್ಟಲೆ ಹಿಡಿದಿರುತ್ತದೆ. ಜಗತ್ತಿನ ಒಳ್ಳೆಯ ನೃತ್ಯಶಾಲೆಗಳು ಇವತ್ತು ದುಡ್ಡು ಸುರಿದು, ನೆಲದ ಕೆಳಗೆ ಪೊಳ್ಳು ಬಿಟ್ಟು, ಮೇಲೆ ಮರದ ಹಲಗೆ ಹಾಸುತ್ತವೆ. ನಮ್ಮ ಅಜ್ಜಂದಿರು ಡ್ರಮ್ಮಿನ ಮೇಲೆ ಹಲಗೆ ಹಾಸಿ ಮಾಡಿದ್ದು ಅದನ್ನೇ. ಸಿಮೆಂಟಿನ ಮೇಲೆ ಮತ್ತೆ ಹಲಗೆ ಹಾಸಿರಿ, ದೊಡ್ಡ ಖರ್ಚಲ್ಲ.

ವಯಸ್ಸಿನ ಮಾತನ್ನೂ ಮುಚ್ಚಿಡುವುದಿಲ್ಲ. ಮೂವತ್ತೈದು ದಾಟಿದರೆ ಕುಣಿಯುವವಳಿಗೆ ತಾಯಿಯ ಪಾತ್ರ ಕೊಡುತ್ತಾರೆ, ಇನ್ನೂ ಹತ್ತು ವರ್ಷಕ್ಕೆ ಅಜ್ಜಿ. ಗಂಡಸು ಹೀರೋ ಆಗಿ ಮುಗಿದರೆ ತಾಲೀಮು ಮಾಸ್ತರನಾಗುತ್ತಾನೆ, ನಾಟಕ ಬರೆಯುತ್ತಾನೆ, ಕಂಪನಿ ಮಾಲೀಕನಾಗುತ್ತಾನೆ. ಹೆಣ್ಣಿಗೆ ಆ ಬಾಗಿಲು ತೆರೆದದ್ದು ಕಡಿಮೆ. ತೆರೆದುಕೊಂಡವರು ಮಾತ್ರ ಹೆಸರಾಗಿ ನಿಂತರು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನ ಪಾತ್ರವನ್ನೂ ತಾವೇ ಹಾಕಿದರು. ದಾವಣಗೆರೆಯ ಚಿಂದೋಡಿ ಲೀಲಾ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನಡೆಸಿದರು. ಇಬ್ಬರಿಗೂ ಪದ್ಮಶ್ರೀ ಬಂತು. ನನಗೆ ಎಲ್ಲಕ್ಕಿಂತ ಹತ್ತಿರ ಅನಿಸುವುದು ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ದಾರಿ. ಮನೆ ಬಿಡಬೇಕಾಗಿ ಬಂದ ಲಿಂಗ ಅಲ್ಪಸಂಖ್ಯಾತೆ, ಕಾಳವ್ವ ಜೋಗತಿಯವರ ಮೇಳ ಸೇರಿ ಜೋಗತಿ ಕುಣಿತ, ಯಲ್ಲಮ್ಮನ ಆಟ ಕಲಿತರು. ಗುರುವಿನ ನಂತರ ಮೇಳವನ್ನು ಮುನ್ನಡೆಸಿದರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನ ಅಂಚಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಅಂಗಳದಲ್ಲಿ ಮಾಡುವುದನ್ನು ಅಲ್ಲಿಯೂ ಮಾಡಿದರು. ಆ ಕ್ಷಣವನ್ನು ಟಿವಿಯಲ್ಲಿ ನೋಡುತ್ತ ನಾನು ಅತ್ತೆ.

ಆದ್ದರಿಂದ ತಂಗಿ, ಇಪ್ಪತ್ತೈದು ದಾಟುವ ಮುಂಚೆಯೇ ಒಬ್ಬರಿಗಾದರೂ ಕಲಿಸಲು ಶುರು ಮಾಡು. ಮಾತಾಡಿದ ರೊಕ್ಕ, ಹಾಡಿನ ಲೆಕ್ಕ, ಹೋಗಿಬರುವ ಖರ್ಚು, ಮಲಗಲು ಬಾಗಿಲಿರುವ ಕೋಣೆ, ಮಳೆ ಬಂದರೆ ಏನು, ಕರೆಂಟು ಹೋದರೆ ಏನು, ಎಲ್ಲವನ್ನೂ ಕಾಗದದಲ್ಲಿ ಬರೆಸಿಕೋ. ಹಳ್ಳಿಯವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ, ಎರಡು ವರ್ಷಕ್ಕೆ ಅದೇ ರೂಢಿ ಆಗುತ್ತದೆ. ಪ್ರತಿ ಹ್ಯಾಂಡ್‌ಬಿಲ್ಲಿನಲ್ಲಿ ನಿನ್ನ ಹೆಸರು ಇರಬೇಕು ಎಂದು ಹಟ ಹಿಡಿ, ಅದನ್ನು ಜೋಪಾನವಾಗಿ ಇಟ್ಟುಕೋ. ಮುಂದೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಇಲಾಖೆ ಕೇಳುವುದು ಪುರಾವೆಯನ್ನು. ಎಷ್ಟೋ ಹಿರಿಯ ನಟಿಯರ ಬಳಿ ನಲವತ್ತು ವರ್ಷದ ದುಡಿಮೆಗೆ ಪುರಾವೆಯೇ ಇಲ್ಲ, ಯಾಕೆಂದರೆ ನನ್ನಂಥವರು ಇಬ್ಬರು ಖ್ಯಾತ ನಟಿಯರು ಎಂದು ಬರೆದೆವು.

1986ರ ಆ ಹಿರಿಯಾಕೆಯ ಹೆಸರನ್ನು ಈ ಸಭೆಯಲ್ಲಿ ಹೇಳಬೇಕು ಎಂದು ನನಗೆ ಬಹಳ ಆಸೆ ಇತ್ತು. ಅವರ ಮಗ, ಅಂದು ಕಂಕುಳಲ್ಲಿದ್ದ ಕೂಸು, ಈಗ ದೊಡ್ಡ ಊರಿನಲ್ಲಿ ನೌಕರಿಯಲ್ಲಿದ್ದಾರೆ. ಫೋನು ಮಾಡಿ ಕೇಳಿದೆ. "ಬ್ಯಾಡ್ರಿ ಸರ್, ಮಕ್ಕಳ ಮದವಿ ಅದಾವು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ಅವರ ಬಾಯಿಗೆ ಇಟ್ಟವರು ನಾವು.

ಆದರೆ ಆಕೆಯನ್ನು ನಾನು ಇನ್ನೊಮ್ಮೆ ಕಂಡೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಥೇಟರಿನ ಹಿಂದುಗಡೆ, ತಗಡಿನ ಮರೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ತಲೆಗೆ ಸುಣ್ಣದಂಥ ಬಿಳಿ ಪುಡಿ, ತಾಯಿಯ ಪಾತ್ರ. ನಾನು ನನ್ನ ಊರು ಹೇಳಿದೆ, ನಾಟಕ ಹೇಳಿದೆ, ಕರೆಂಟು ಹೋದದ್ದು ಹೇಳಿದೆ, ಐದು ನೂರರ ನೋಟು ಮುಂದೆ ಹಿಡಿದೆ. ಆಕೆ ನನ್ನ ಮುಖ ನೋಡಿದರು.

"ಅಂಥಾ ಊರು ಭಾಳ ಇದ್ದುವಲ್ರಿ ಮಾಸ್ತರ. ಯಾವದಂತ ನೆನಪ ಇಡಲಿ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಟ್ಟ ಕಟ್ಟಿಗೀದಿತ್ತೇನು?" ಎಂದು ಕೇಳಿದರು.

"ಕಟ್ಟಿಗೀದು. ನೀವು ಮೊಳಿ ಬಡಿಸಿದ್ರಿ. ನಾನೇ ಬಡಿದೆ."

"ಹಂಗಾರ ನಾನ ಇರಬೇಕು," ಎಂದು ನೋಟನ್ನು ತೆಗೆದುಕೊಂಡು, ಮಡಚಿ, ಬಣ್ಣದ ಡಬ್ಬಿಯ ಕೆಳಗೆ ಇಟ್ಟರು. ಮೂಲೆಯಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗಿಯೊಬ್ಬಳು ಗೆಜ್ಜೆ ಕಟ್ಟಿಕೊಂಡು ಮೊಬೈಲು ನೋಡುತ್ತ ಕೂತಿದ್ದಳು. ಹೊರಗೆ ಎರಡನೇ ಗಂಟೆ ಹೊಡೆಯಿತು. ಆಕೆ ಕನ್ನಡಿಯಿಂದ ಕಣ್ಣು ತೆಗೆಯದೆ ಆ ಹುಡುಗಿಗೆ ಹೇಳಿದರು:

"ಏ ಹುಡುಗಿ, ಏಳು. ಹೋಗಿ ಹಲಗಿ ನೋಡಿ ಬಾ."